ಬಚ್ಚಲ ಯಜಮಾನರು

ಜೊವೆಲೀನ ಬಚ್ಚಲಮನೆ ತೊಳೆಯಲು ಹೊರಟಿದ್ದಾಳೆಂದು ನಿವಾರ್ದೊಗೆ ಬಕೆಟ್ಟಿನ ಹಿಡಿ ಕಿರುಗುಟ್ಟಿದ್ದರಿಂದಲೇ ಗೊತ್ತಾಯಿತು. ಅವನು ಹಜಾರದಲ್ಲಿ ಕೂತು ದನಗಾಹಿಯೊಬ್ಬನ ತೊಗಲಂಗಿಗೆ ತೋಳು ಕೂಡಿಸುತ್ತಿದ್ದ. ಎದ್ದು ಹೋಗಿ ಒಂದು ಮಾತು ಹೇಳಬೇಕು, ಈಗಲೇ ಹೇಳಬೇಕು ಅನ್ನಿಸಿತು. ಆದರೆ ಸೂಜಿ ಅರ್ಧ ತೊಗಲೊಳಗಿತ್ತು, ಇದೊಂದು ಹೊಲಿಗೆ ಎಳೆದುಬಿಡೋಣ ಅಂದುಕೊಂಡ. ಎಳೆದ. ಇನ್ನೊಂದು ಹಾಕಿದ. ಹೇಳಬೇಕಾದದ್ದು ದೊಡ್ಡದೇನೂ ಅಲ್ಲ: ಎಡಗಡೆ ಗೋಡೆಯಲ್ಲಿ, ಎದೆಮಟ್ಟಕ್ಕೆ, ಇಟ್ಟಿಗೆಯೊಂದು ಉದುರಿ ತೂತಾಗಿದೆ, ಅದಕ್ಕೆ ಒಣಮಣ್ಣು ಮೆತ್ತಿದಂತೆ ಕಾಣುವುದು ಮಣ್ಣಲ್ಲ, ಬಿರಡೆ ಕಪ್ಪೆಯ ತಲೆ, ಕೈ ಹಾಕಬೇಡಿ. ಇಷ್ಟೇ. ಈ ಬಂಡೆಗಳ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಯಿಲ್ಲದ ಎಂಟು ತಿಂಗಳು ಅದು ಮರದ ಪೊಟರೆಯಲ್ಲೋ ಬಂಡೆಯ ಬಿರುಕಲ್ಲೋ ಹಿಂದುಹಿಂದಕ್ಕೆ ಸರಿದು ಕೂತು, ಮೂಳೆಯಂಥ ತನ್ನ ತಲೆಯನ್ನೇ ಬಿಲದ ಬಾಯಿಗೆ ಬಿರಡೆ ಇಟ್ಟುಕೊಂಡು ಕಾಯುತ್ತದೆ. ಹಿಡಿದರೆ ತಲೆ ಹೊರಳಿಸಿ ಗುದ್ದುತ್ತದೆ, ತುಟಿಯ ಮೇಲಿನ ಸಣ್ಣ ಮುಳ್ಳುಗಳು ವಿಷ ಹೊತ್ತು ಕೈಗಿಳಿಯುತ್ತವೆ. ಇಲ್ಲಿಯ ಮಕ್ಕಳು ನಡೆಯುವುದನ್ನು ಕಲಿಯುವಾಗಲೇ ಅದನ್ನೂ ಕಲಿಯುತ್ತಾರೆ. ಜೊವೆಲೀನ ಮಾತ್ರ ಕಡಲ ಕಡೆಯ ಕಬ್ಬಿನ ಸೀಮೆಯವಳು. ಅವಳಿಗೆ ಕಪ್ಪೆಯೆಂದರೆ ಕೆಸರಲ್ಲಿ ಕುಪ್ಪಳಿಸುವ ಮೆತ್ತನೆಯ ಪ್ರಾಣಿ.

ಅವಳು ಈ ಮನೆಗೆ ಬಂದು ಇವತ್ತಿಗೆ ಆರು ದಿನ. ಹೋದ ಸೋಮವಾರದ ಬಸ್ಸಿನಿಂದ ಒಂದು ಪೆಟ್ಟಿಗೆ, ಒಂದು ಕೊಡೆ ಹಿಡಿದು ಇಳಿದಳು. ನಿವಾರ್ದೊಗೆ ಐವತ್ತೆಂಟು, ಅವಳಿಗೆ ನಲವತ್ತೊಂಬತ್ತು. ಇಬ್ಬರೂ ರಿಜಿಸ್ಟರು ಕಚೇರಿಯಲ್ಲಿ ತಮ್ಮ ಮದುವೆಗೆ ಸಹಿ ಹಾಕುವಾಗ ಗುಮಾಸ್ತ ಅವರನ್ನು ಯಾರದೋ ಮದುವೆಯ ಸಾಕ್ಷಿಗಳೆಂದು ತಿಳಿದು ಗಂಡು ಹೆಣ್ಣು ಎಲ್ಲಿ ಎಂದು ಕೇಳಿದ್ದ. ಆಗ ಜೊವೆಲೀನ ನಕ್ಕಿದ್ದಳು, ನಿವಾರ್ದೊಗೆ ನಗಲಾಗಿರಲಿಲ್ಲ. ಬಂದ ದಿನ ಅವಳಿಗೆ ಮನೆಯನ್ನೆಲ್ಲ ತೋರಿಸಿದ್ದ: ಮಳೆನೀರಿನ ತೊಟ್ಟಿ, ಅದರ ಮುಚ್ಚಳದ ಬೀಗ, ಎತ್ತಿ ತಳ್ಳಿದರೆ ಮಾತ್ರ ತೆರೆಯುವ ಹಿತ್ತಿಲ ಬಾಗಿಲು. ಬಚ್ಚಲಮನೆಯಲ್ಲಿ ಸಾಬೂನಿಡುವ ಜಾಗ ತೋರಿಸಿ, ನೀರು ಹೋಗುವ ತೂಬು ತೋರಿಸಿ, ಎಡಗಡೆ ಗೋಡೆಯ ಎದುರು ನಿಂತು ಬಾಯಿ ತೆರೆದ. ಒಳಗೆ ಅದು ಅರೆಮುಚ್ಚಿದ ಕಣ್ಣಿಂದ ಅವನನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿಕೊಂಡು ಬಂದ. ಹೇಳಿದರೆ ಅವಳು ಖಂಡಿತ ಕೇಳುತ್ತಾಳೆ, ಇಂಥದ್ದನ್ನು ಮನೆಯೊಳಗೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು. ಅದಕ್ಕೆ ಉತ್ತರ ಕೊಡಲು ಲಿಂದಾಲ್ವಳ ಹೆಸರೆತ್ತಬೇಕು. ಮೂರು ವರ್ಷದ ಹಿಂದೆ ಸತ್ತ ಹೆಂಡತಿಯ ಹೆಸರನ್ನು ಬಂದವಳ ತಟ್ಟೆಗೆ ಬಡಿಸಬೇಡ ಎಂದು ಲಿಂದಾಲ್ವಳ ಅಕ್ಕ ಕಿತೇರಿಯಳೇ ಅವನಿಗೆ ಹೇಳಿದ್ದಳು. ಈ ಸಂಬಂಧ ಕುದುರಿಸಿದ್ದೂ ಅವಳೇ. ಹಾಗಾಗಿ ನಿವಾರ್ದೊ ಲಿಂದಾಲ್ವಳ ಪಟವನ್ನು ಗೋಡೆಯಿಂದ ತೆಗೆದು ಬಟ್ಟೆಯ ಅಡಿಯಲ್ಲಿಟ್ಟಿದ್ದ, ಅವಳ ಲೋಟ ಒಳಗಿಟ್ಟಿದ್ದ. ಕಪ್ಪೆಯನ್ನು ಎತ್ತಿಡಲು ಬರುವಂತಿರಲಿಲ್ಲ. ಇದೆಲ್ಲ ನಿಜವೇ. ಆದರೆ ಅದರ ಕೆಳಗೆ ಇನ್ನೂ ಒಂದಿತ್ತು: ಒಂದಾದರೂ ತನ್ನೊಬ್ಬನದೇ ಆಗಿ ಉಳಿಯಲಿ ಎಂಬ ಜಿಪುಣತನ. ಸೂಜಿಗೆ ಮೇಣ ಸವರುತ್ತ ಅವನು ಆ ಜಿಪುಣತನವನ್ನು ಕಂಡ, ಕಂಡು ಬೇರೆ ಕಡೆ ತಿರುಗಿದ, ಅಷ್ಟರಲ್ಲಿ ಬಚ್ಚಲಿನಿಂದ ಸದ್ದು ಬಂತು.

ಕೂಗಲ್ಲ ಅದು. ನಾಲಿಗೆ ಕಚ್ಚಿಕೊಂಡವರು ಮಾಡುವಂಥ ಸಣ್ಣ ಸದ್ದು, ಆಮೇಲೆ ಬಕೆಟ್ಟು ಉರುಳಿದ್ದು. ನಿವಾರ್ದೊ ಅಂಗಿಯನ್ನು ತೊಡೆಯಿಂದ ಬೀಳಿಸಿಕೊಂಡು ಓಡಿದ. ಜೊವೆಲೀನ ಬಚ್ಚಲ ಬಾಗಿಲಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಅದು ಬೇರೆ ಯಾರದೋ ಕೈಯೆಂಬಂತೆ ದೂರ ಚಾಚಿ ನಿಂತಿದ್ದಳು. ಅವನು ಅವಳನ್ನು ದಾಟಿ ಗೋಡೆ ನೋಡಿದ. ತೂತು ಖಾಲಿಯಿತ್ತು. ಕೊಂದುಬಿಟ್ಟಳೇ ಎಂದು ನೆಲ ನೋಡಿದ, ಮೂಲೆ ನೋಡಿದ, ಆಮೇಲೆ ಅವಳ ಕೈ ನೋಡಿದ. ಎಷ್ಟು ಹೊತ್ತಿನ ಮಾತು, ಎರಡು ಉಸಿರಿನಷ್ಟು. ತಲೆಯೆತ್ತಿದಾಗ ಅವಳ ಕಣ್ಣು ಅವನ ಮುಖದ ಮೇಲಿತ್ತು. ಅವನು ಏನನ್ನು ಮೊದಲು ನೋಡಿದ, ಏನನ್ನು ಆಮೇಲೆ ನೋಡಿದ ಎಂಬುದು ಅವಳಿಗೆ ಕಂಡಿತ್ತು.

ಮಣ್ಣೆಂದು ಬೆರಳು ಹಾಕಿ ಕೆರೆದೆ, ಉಂಡೆಯ ಹಾಗೆ ಕೈಗೆ ಬಂತು, ಮುಷ್ಟಿಯೊಳಗೆ ಹೊರಳಿತು, ಹಿತ್ತಿಲ ಕಡೆ ಎಸೆದುಬಿಟ್ಟೆ ಎಂದು ಜೊವೆಲೀನ ಬಿಡಿಬಿಡಿಯಾಗಿ ಹೇಳಿದಳು. ಅಂಗೈಯಲ್ಲಿ ನಾಲ್ಕೈದು ಕೆಂಪು ಚುಕ್ಕೆ, ಅಷ್ಟೇ. ಜೀವಮಾನವೆಲ್ಲ ಶಾಲೆಮಕ್ಕಳ ಸಮವಸ್ತ್ರ ಹೊಲಿದು ಸೂಜಿ ಚುಚ್ಚಿಸಿಕೊಂಡ ಬೆರಳುಗಳವು. ಆದರೆ ಅವಳನ್ನು ಮಂಚದ ಮೇಲೆ ಕೂರಿಸುವಷ್ಟರಲ್ಲಿ ನೋವು ಮಣಿಕಟ್ಟು ದಾಟಿತ್ತು, ಕಾಲು ಗಂಟೆಯಲ್ಲಿ ಮೊಣಕೈಗೆ ಬಂತು, ಮೊಣಕೈಯಿಂದ ಕಂಕುಳಿಗೆ ಏರಿತು. ಅವಳ ತುಟಿ ಬಿಳಿಚಿತು. ನಿವಾರ್ದೊ ನೀರು ತಂದ, ನೀರಲ್ಲಿ ಕೈ ಅದ್ದಿಸಿದ, ತೆಗೆಸಿದ, ಮತ್ತೆ ಅದ್ದಿಸಿದ. ಶನಿವಾರ, ಊರಿನ ಗಾಡಿಗಳೆಲ್ಲ ಸಂತೆಗೆ ಹೋಗಿವೆ, ನರ್ಸಮ್ಮ ಬರುವುದು ಮಂಗಳವಾರ. ಅವಳಿಗೆ ಓಕರಿಕೆ ಬಂದಾಗ ಅವನು ಕೈಗೆ ಸಿಕ್ಕ ಬೋಗುಣಿ ಹಿಡಿದ; ಅದು ಜೋಳದ ಹಿಟ್ಟು ನೆನೆಹಾಕುವ ಬೋಗುಣಿ ಎಂದು ಆ ಸ್ಥಿತಿಯಲ್ಲೂ ಅವಳು ತಲೆಯಾಡಿಸಿ ಬೇಡವೆಂದಳು. ಬೇರೆ ಪಾತ್ರೆ ಹುಡುಕಿದರೆ ಇಟ್ಟ ಜಾಗದಲ್ಲಿ ಒಂದೂ ಇಲ್ಲ, ಆರು ದಿನದಲ್ಲಿ ಅವಳು ಅಡುಗೆಮನೆಯನ್ನೆಲ್ಲ ಬದಲಿಸಿದ್ದಳು. ತನ್ನದೇ ಮನೆಯಲ್ಲಿ ಕಳ್ಳನಂತೆ ಕಪಾಟುಗಳನ್ನು ತೆರೆಯುತ್ತ ನಿಂತ ನಿವಾರ್ದೊಗೆ ಆ ಬದಲಾವಣೆ ಒಮ್ಮೆಯೂ ತನ್ನ ಗಮನಕ್ಕೆ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನರಳಾಟ ಕೇಳಿ ಬೇಲಿಯಾಚೆಯ ಮನೆಯಿಂದ ಕಿತೇರಿಯ, ಹಸಿರು ರೆಂಬೆಯೊಂದನ್ನು ಮುರಿದುಕೊಂಡು, ಬಂದಳು. ಎಪ್ಪತ್ತು ದಾಟಿದ ಹೆಂಗಸು, ದೃಷ್ಟಿಗೆ, ಹಾವಿಗೆ, ಹಲ್ಲುನೋವಿಗೆ ಮಂತ್ರಿಸಿ ಕೊಡುವವಳು. ಕೈ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

“ಯಜಮಾನರನ್ನ ಹಿಡಕೊಂಡಳಾ?” ಎಂದು ನಿವಾರ್ದೊನನ್ನು ಕೇಳಿದಳು.

“ಯಾರು ಯಜಮಾನರು?” ಎಂದಳು ಜೊವೆಲೀನ, ಹಲ್ಲು ಕಚ್ಚಿಕೊಂಡೇ.

ಕಿತೇರಿಯ ಅವನ ಕಡೆ ತಿರುಗಿದಳು. “ಹೇಳಿಲ್ವೇನೋ ಇವಳಿಗೆ? ಲಿಂದಾಲ್ವಳ ಕಪ್ಪೆ ವಿಷಯಾನ?”

“ಇಲ್ಲ ಅತ್ತಿಗೆ.”

“ಆರು ದಿನದಿಂದ?”

ಅವನು ನೆಲ ನೋಡಿದ. ಅವಳ ಹೆಸರೆತ್ತಬೇಡ ಅಂದವಳು ನೀನೇ ಅಲ್ಲವೇ ಎಂದು ಕೇಳಬಹುದಿತ್ತು. ಕೇಳಿದರೆ ಇನ್ನೂ ಸಣ್ಣವನಾಗುತ್ತೇನೆ ಅನ್ನಿಸಿತು. ಹೆಂಡತಿ ಹೆಸರು ಬೇಡ ಅಂದೆ, ಕಪ್ಪೆ ಹೆಸರೂ ಬೇಡ ಅಂದೆನಾ ಎಂದು ಕಿತೇರಿಯ ತಾನೇ ಗೊಣಗಿದಳು. ಕೈಯ ಮೇಲೆ ರೆಂಬೆ ಆಡಿಸುತ್ತ ಸಂತರನ್ನೆಲ್ಲ ಒಬ್ಬೊಬ್ಬರಾಗಿ ಕರೆದಳು. ಎಲೆಗಳು ಬಾಡುವವರೆಗೆ ಆಡಿಸಿ, ಪ್ರಾಣಕ್ಕೆ ಏನೂ ಆಗುವುದಿಲ್ಲ, ನಮ್ಮಜ್ಜನಿಗೂ ಒಮ್ಮೆ ಹೀಗೇ ಆಗಿತ್ತು, ಬೆಳಗಿನ ಕಾಫಿ ಹೊತ್ತಿಗೆ ಹಿಡಿದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಬಿಟ್ಟಿತು ಎಂದಳು. ಒಲೆಯ ಮೇಲೆ ಅವರೆಕಾಳು ಇಟ್ಟುಬಂದಿದ್ದೇನೆ, ಬೆಂದ ಮೇಲೆ ರಸ ಕಳಿಸುತ್ತೇನೆಂದು ಹೊರಟಳು. ಬಾಗಿಲಲ್ಲಿ ನಿವಾರ್ದೊನ ಬೆನ್ನಿಗೆ ಒಂದು ಗುದ್ದು ಗುದ್ದಿದಳು, ಚಿಕ್ಕಂದಿನಲ್ಲಿ ಗುದ್ದುತ್ತಿದ್ದಂತೆ. ಅದರಲ್ಲಿ ಸಿಟ್ಟು ಎಷ್ಟಿತ್ತು, ಅಕ್ಕರೆ ಎಷ್ಟಿತ್ತು, ಅವನಿಗೆ ತಿಳಿಯಲಿಲ್ಲ.

ಈಗ ಇಬ್ಬರೇ. ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಊಟದ ಹೊತ್ತಾಗಲು, ಮಧ್ಯಾಹ್ನ ಒಂದಾಗಲು, ಇನ್ನು ನಾಲ್ಕು ತಾಸು ಎಂದು ನಿವಾರ್ದೊ ಲೆಕ್ಕ ಹಾಕಿದ, ತಾನೇ ಆ ನಾಲ್ಕು ತಾಸನ್ನು ತೋಳಿನೊಳಗೆ ಹೊತ್ತವನಂತೆ. ಜೊವೆಲೀನ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನೋವಿನ ಅಲೆ ಬಂದಾಗೆಲ್ಲ ಅವಳ ಕಾಲ್ಬೆರಳುಗಳು ಒಳಕ್ಕೆ ಮಡಚುತ್ತಿದ್ದವು. ಅವಳ ಪಾದಗಳನ್ನು ಅವನು ಇದೇ ಮೊದಲು ನೋಡುತ್ತಿರುವುದು. ಅಗಲವಾದ, ಜೀವಮಾನವೆಲ್ಲ ನಿಂತು ದುಡಿದ ಪಾದಗಳು. ಆರು ದಿನ ಒಂದೇ ಮನೆಯಲ್ಲಿ, ಒಂದೇ ಮಂಚದಲ್ಲಿ, ಕಾಫಿ ಕೊಡಲೇ, ಬೇಡ, ದೀಪ ಆರಿಸಲೇ, ಆರಿಸಿ. ಪಾದ್ರಿಯೆದುರು ನಿಂತ ಮಕ್ಕಳ ಹಾಗೆ ಇದ್ದುಬಿಟ್ಟಿದ್ದೆವಲ್ಲ ಎಂದುಕೊಂಡ.

“ನಿನಗೆ ಗೊತ್ತಿತ್ತು,” ಎಂದಳು ಅವಳು, ಕಣ್ಣು ತೆರೆಯದೆ. ಇಷ್ಟು ದಿನ ನೀವು ಎನ್ನುತ್ತಿದ್ದವಳು. ನೋವು ಆ ಮರ್ಯಾದೆಯನ್ನು ಕಿತ್ತುಹಾಕಿತ್ತು.

“ಗೊತ್ತಿತ್ತು.”

“ನಾನು ಬಕೆಟ್ ತಗೊಂಡು ಹೋಗಿದ್ದು ಕೇಳಿಸ್ತು.”

“ಕೇಳಿಸ್ತು. ಏಳಬೇಕು ಅಂದ್ಕೊಂಡೆ. ಒಂದು ಹೊಲಿಗೆ ಹಾಕಿ ಏಳೋಣ ಅಂತ.”

“ಬಂದವನು ಮೊದಲು ಗೋಡೆ ನೋಡಿದೆ. ನನ್ನ ಕೈ ಅಲ್ಲ.”

ಇಲ್ಲ ಅನ್ನಬಹುದಿತ್ತು. ಕತ್ತಲಲ್ಲಿ ಕಾಣಲಿಲ್ಲ, ಹಾವೇನೋ ಎಂದು ನೋಡಿದೆ ಅನ್ನಬಹುದಿತ್ತು. ಇಂಥ ಮಾತುಗಳು ಅವನ ಬಾಯಿಯ ಹಿಂದೆ ಸಾಲಾಗಿ ನಿಂತಿದ್ದವು. “ಹೌದು,” ಎಂದ.

ಜೊವೆಲೀನ ಕಣ್ಣು ತೆರೆದು ಅವನನ್ನು ನೋಡಿದಳು. ಎದ್ದು ಹೊರಗೆ ಹೋಗು ಎನ್ನುತ್ತಾಳೆಂದು ಅವನು ಕಾದ. ಮತ್ತೊಂದು ಅಲೆ ಬಂತು, ಅವಳು ಎಡಗೈಯಿಂದ ಅವನ ಮಣಿಕಟ್ಟು ಹಿಡಿದಳು. ಮದುವೆಯಾದ ಮೇಲೆ ಅವಳಾಗಿ ಅವನನ್ನು ಹಿಡಿದದ್ದು ಅದೇ ಮೊದಲು, ಉಗುರು ಊರುವಷ್ಟು ಗಟ್ಟಿಯಾಗಿ. “ಹೇಳು ಹಾಗಾದರೆ,” ಎಂದಳು. “ಅವಳ ವಿಷಯ ಹೇಳು. ಮೊದಲಿಂದ ಹೇಳು. ನನಗೆ ನೋವು ಕೇಳಿಸಬಾರದು, ಅಷ್ಟು ಹೇಳು.”

ಮೂರು ವರ್ಷದಿಂದ ನಿವಾರ್ದೊ ಲಿಂದಾಲ್ವಳ ಬಗ್ಗೆ ಯಾರಲ್ಲೂ ಮಾತಾಡಿರಲಿಲ್ಲ. ಮೊದಮೊದಲು ಮಾತುಗಳು ಒಣಗಿದ ತೊಗಲಿನಂತೆ ಸೆಟೆದುಕೊಂಡು ಬಂದವು: ಯಾವ ವರ್ಷ ಮದುವೆಯಾದದ್ದು, ಮಕ್ಕಳಾಗದೇ ಹೋದದ್ದು. ಜೊವೆಲೀನ, ಇದೇನು ರಿಜಿಸ್ಟರು ಕಚೇರಿಯಾ, ಅವಳು ಹೇಗೆ ನಗುತ್ತಿದ್ದಳು ಅದನ್ನು ಹೇಳು ಎಂದಳು. ಹೇಳಿದ. ಮುಂದಿನ ಹಲ್ಲು ಅರ್ಧ ಮುರಿದಿದ್ದರಿಂದ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದಳು, ಆ ಕೈಗೆ ಹಿಟ್ಟೋ ಮಸಿಯೋ ಅಂಟಿಯೇ ಇರುತ್ತಿದ್ದುದರಿಂದ ನಕ್ಕ ಮೇಲೆ ಮೀಸೆ ಬಂದಿರುತ್ತಿತ್ತು. ಇಟ್ಟಿಗೆ ಉದುರಿದ ವರ್ಷ ಆ ಕಪ್ಪೆ ಬಂದು ಕೂತಿತು. ಅದೇ ಕಪ್ಪೆಯೋ ಅದರ ಮಗನೋ ಈಗಿರುವುದು, ಯಾರು ಕಂಡರು. ಅವಳು ಸ್ನಾನಕ್ಕೆ ಹೋದವಳು, ಯಜಮಾನರೇ, ಸ್ವಲ್ಪ ಆ ಕಡೆ ತಿರುಗಿ ಎನ್ನುವುದು ಹೊರಗಿದ್ದ ಇವನಿಗೆ ಕೇಳಿಸುತ್ತಿತ್ತು. ಊರಲ್ಲಿ ಯಾರಾದರೂ ಯಜಮಾನರು ಇದ್ದಾರಾ ಎಂದು ಇವನನ್ನು ಕೇಳಿಕೊಂಡು ಬಂದರೆ, ಬಚ್ಚಲಲ್ಲಿದ್ದಾರೆ, ಏಳು ತಿಂಗಳಿಂದ ಹೊರಗೆ ಬಂದಿಲ್ಲ ಎನ್ನುತ್ತಿದ್ದಳು.

ಜೊವೆಲೀನ ನಕ್ಕಳು. ನಕ್ಕದ್ದಕ್ಕೆ ತೋಳು ಜಗ್ಗಿ ಅಳು ಬಂತು, ಎರಡೂ ಒಟ್ಟಿಗೆ. “ನಿನಗೆ ಹೊಟ್ಟೆಕಿಚ್ಚಾಗ್ತಿತ್ತಾ?”

“ಆಗ್ತಿತ್ತು,” ಎಂದ ನಿವಾರ್ದೊ. ಅದನ್ನು ಅವನು ಲಿಂದಾಲ್ವಳಿಗೂ ಹೇಳಿರಲಿಲ್ಲ.

ಆಮೇಲೆ ಮಾತು ತಾನೇ ದಾರಿ ಹಿಡಿಯಿತು. ಕೊನೆಯ ಚಳಿಗಾಲದಲ್ಲಿ ಲಿಂದಾಲ್ವಳ ಕಾಲು ಸೋತಿತು, ಅವನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ ನೀರು ಹಾಕುತ್ತಿದ್ದ, ಗೋಡೆ ಕಾಣುವ ಹಾಗೆ ಕೂರಿಸು ಎನ್ನುತ್ತಿದ್ದಳು. ಇದನ್ನು ಹೇಳುವಾಗ ಅವನು ಜೊವೆಲೀನಳ ತೋಳಿಗೆ ಗಡಿಗೆಯಿಂದ ನೀರು ಸುರಿಯುತ್ತಿದ್ದ, ಒಂದು ಕ್ಷಣ ಇದು ಯಾರ ತೋಳು ಎಂದು ಅವನಿಗೆ ಮಸುಕಾಯಿತು, ಮಸುಕಾದದ್ದಕ್ಕೆ ಭಯವಾಗಲಿಲ್ಲ. ಅವಳು ಸತ್ತು ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಕಪ್ಪೆ ಹಾಗೇ ಕೂತಿತ್ತು, ಏನೂ ಆಗಿಲ್ಲವೆಂಬಂತೆ. ಅವನು ಒಂದು ಡಬ್ಬದಲ್ಲಿ ಸಿಮೆಂಟು ಕಲಸಿಕೊಂಡು ಬಂದ. ಕರಣೆಯಲ್ಲಿ ತುಂಬಿಕೊಂಡು ತೂತಿನೆದುರು ಹಿಡಿದ. ಅದು ತಲೆ ಒಳಗೆಳೆದುಕೊಳ್ಳಲಿಲ್ಲ, ಕಣ್ಣು ಮುಚ್ಚಲಿಲ್ಲ; ಬೆಳಕಿಗೆ ತನ್ನ ತಲೆಯೊಂದನ್ನೇ ಅಡ್ಡವಿಟ್ಟುಕೊಂಡು ಇದ್ದಲ್ಲೇ ಇತ್ತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಕರಣೆಯ ಮೇಲೇ ಸಿಮೆಂಟು ಕಲ್ಲಾಯಿತು, ಇವತ್ತಿನವರೆಗೆ ಯಾರಿಗೂ ಹೇಳಿಲ್ಲ ಎಂದ.

 ಜೊವೆಲೀನಳ ಹಿಡಿತ ಅವನ ಮಣಿಕಟ್ಟಿನ ಮೇಲೆ ಸಡಿಲವಾಗಿತ್ತು, ಬಿಟ್ಟಿರಲಿಲ್ಲ. “ಮುಚ್ಚಿದ್ದರೆ ಇವತ್ತು ನನ್ನ ಕೈ ಉಳೀತಿತ್ತು,” ಎಂದಳು ಕೊನೆಗೆ. ಆಮೇಲೆ, “ಮುಚ್ಚದೇ ಇದ್ದಿದ್ದು ಒಳ್ಳೇದಾಯ್ತು,” ಎಂದಳು.

ಕಿತೇರಿಯ ಹೇಳಿದಂತೆಯೇ, ಅವಳ ಅವರೆಕಾಳಿನ ರಸ ಬರುವ ಹೊತ್ತಿಗೆ ನೋವು ಇಳಿಯತೊಡಗಿತು. ಕಂಕುಳಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ, ಬಂದ ದಾರಿಯಲ್ಲೇ ಹಿಂದಿರುಗಿತು. ಬೆರಳುಗಳಿಗೆ ಮಾತ್ರ ಬಲವಿರಲಿಲ್ಲ. ನಿವಾರ್ದೊ ಚಮಚದಿಂದ ರಸ ಕುಡಿಸಿದ. ನಾಲ್ಕನೆಯ ಚಮಚಕ್ಕೆ ಅವಳು ತಡೆದು, ಕಪ್ಪೆ ಎಲ್ಲಿ ಬಿತ್ತೋ ನೋಡಿದೆಯಾ ಎಂದು ಕೇಳಿದಳು. ಇರಲಿ ಬಿಡು ಎಂದ.

“ಹೋಗಿ ನೋಡು. ಬೆಳಿಗ್ಗೆಯಿಂದ ಇಲ್ಲೇ ಕೂತಿದೀಯ, ನಿನ್ನ ಕಾಲು ಮಾತ್ರ ಹಿತ್ತಿಲ ಕಡೆ ತಿರುಗಿದೆ.”

ಸುಡುವ ಬಿಸಿಲಲ್ಲಿ ಹಿತ್ತಿಲ ನೆಲ ಬೆಳ್ಳಗೆ ಬೆಂದಿತ್ತು. ಇಂಥದ್ದರಲ್ಲಿ ಐದು ತಾಸು ಬಯಲಲ್ಲಿ ಬಿದ್ದ ಕಪ್ಪೆ ಬದುಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಕಳ್ಳಿಯ ಬುಡ, ಸೌದೆಯ ರಾಶಿ, ಬಟ್ಟೆ ಒಗೆಯುವ ಕಲ್ಲು, ಎಲ್ಲದರ ಕೆಳಗೂ ಮಂಡಿಯೂರಿ ಹುಡುಕಿದ. ಸಿಕ್ಕಿದ್ದು ಕೋಳಿಗಳಿಗೆ ನೀರಿಡುವ ಮಡಕೆಯ ಹಿಂದೆ, ಮಡಕೆ ಬೆವರಿ ಅಂಗೈಯಷ್ಟು ನೆಲ ತಂಪಾಗಿದ್ದ ಜಾಗದಲ್ಲಿ. ಮೈಯನ್ನೆಲ್ಲ ಆ ತಂಪಿಗೆ ಒತ್ತಿಕೊಂಡು, ತಲೆಯನ್ನು ಹೊರಗಿನ ಜಗತ್ತಿಗೆ ಒಡ್ಡಿ ಕೂತಿತ್ತು. ಅವನು ಸೋರೆಬುರುಡೆಯ ಚಿಪ್ಪಿನಲ್ಲಿ ಅದನ್ನು ಮೆಲ್ಲಗೆ ತೋಡಿಕೊಂಡು ಬಂದು ತೂತಿನ ಅಂಚಿಗೆ ಹಿಡಿದ. ಮೊದಲು ಅಲ್ಲಾಡಲಿಲ್ಲ. ಆಮೇಲೆ ತಿರುಗಿತು, ಹಿಂಗಾಲನ್ನು ಒಳಗಿಟ್ಟು, ಸ್ವಲ್ಪ ಸರಿದು, ತಡೆದು, ಮತ್ತೆ ಸರಿದು, ಕೊನೆಗೆ ತಲೆಯಿಂದ ಬಾಗಿಲು ಹಾಕಿಕೊಂಡಿತು. ಜೊವೆಲೀನ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅವನ ಹಿಂದೆ ಬಂದು ನಿಂತಿದ್ದಳು.

“ಗಾಡಿ ಹಿಂದಕ್ಕೆ ತಗೊಂಡ ಹಾಗೆ ಹೋದನಲ್ಲ,” ಎಂದಳು. ಆಮೇಲೆ ಗೋಡೆಯನ್ನೇ ನೋಡುತ್ತ, ದನಿ ಏರಿಸದೆ ಹೇಳಿದಳು: “ನಿನ್ನೆ ಕಿತೇರಿಯಮ್ಮನ ಹತ್ರ ಕೇಳಿದ್ದೆ, ಸೋಮವಾರದ ಬಸ್ಸು ಎಷ್ಟು ಹೊತ್ತಿಗೆ ವಾಪಸ್ ಹೋಗುತ್ತೆ ಅಂತ.”

ನಿವಾರ್ದೊನ ಕೈಯಲ್ಲಿ ಚಿಪ್ಪು ಹಾಗೇ ಇತ್ತು.

“ಈ ಮನೇಲಿ ಯಾರೂ ಮಾತಾಡಲ್ಲ. ತೊಟ್ಟಿ ತೋರಿಸಿದೆ, ಬೀಗ ತೋರಿಸಿದೆ, ನೀನು ಮಾತ್ರ ಕಾಣಲಿಲ್ಲ. ಅಮ್ಮನನ್ನ ಇಪ್ಪತ್ತು ವರ್ಷ ನೋಡ್ಕೊಂಡೆ. ಅವಳೂ ಕೊನೇ ನಾಲ್ಕು ವರ್ಷ ಮಾತಾಡಿರಲಿಲ್ಲ. ಇನ್ನೊಂದು ಸಲ ಅದು ನನ್ನ ಕೈಲಾಗಲ್ಲ ಅಂದ್ಕೊಂಡೆ.”

ಈಗ? ಎಂದು ಅವನು ಕೇಳಬೇಕಿತ್ತು. ಆ ಒಂದು ಮಾತಿಗೆ ಬೆಳಗಿನ ಅದೇ ಜಡತನ ಬಂದು ಅಡ್ಡ ನಿಂತಿತು. ಕೇಳಲಿಲ್ಲ. ಅವಳೂ ಹೇಳಲಿಲ್ಲ, ಒಳಗೆ ಹೋಗಿ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದಳು. ಭಾನುವಾರವೂ ಆ ಪ್ರಶ್ನೆ ಬಾರದೆಯೇ ಕಳೆಯಿತು. ಉಳಿದದ್ದನ್ನೆಲ್ಲ ಅವನು ಮಾತಾಡಿದ. ತೊಗಲು ಹದ ಮಾಡುವ ತೊಗಟೆಯ ಬಗ್ಗೆ, ಯಾವ ದನಗಾಹಿಯ ಹೊಟ್ಟೆ ಎಷ್ಟು ವರ್ಷಕ್ಕೆ ಎಷ್ಟು ಬೆಳೆದು ಅಂಗಿ ಬಿಚ್ಚಿ ಹೊಲಿಯಬೇಕಾಯಿತು ಎಂಬುದರ ಬಗ್ಗೆ, ಬಾಯಿ ಒಣಗುವಷ್ಟು ಮಾತಾಡಿದ. ಕೆಲವಕ್ಕೆ ಅವಳು ನಕ್ಕಳು. ಪಟವನ್ನು ಎಲ್ಲಿ ಬಚ್ಚಿಟ್ಟಿದ್ದೀಯೆಂದು ಕೇಳಿ, ತರಿಸಿ, ಎಡಗೈಯಲ್ಲಿ ಹಿಡಿದು ನೋಡಿ, ಇವಳು ನನಗಿಂತ ಚೆನ್ನಾಗಿದ್ದಳು ಎಂದು ಮೊಳೆಗೆ ಸಿಕ್ಕಿಸಿದಳು. ಅದು ಹೋಗುವವಳ ಔದಾರ್ಯವೋ ಇರುವವಳದೋ ಎಂದು ಅವನು ಸಂಜೆಯವರೆಗೆ ತೂಗಿದ.

ಸೋಮವಾರ ಬೆಳಿಗ್ಗೆ ಅವಳ ಬೆರಳುಗಳು ಇನ್ನೂ ಗಟ್ಟಿಯಾಗಿ ಮಡಚುತ್ತಿರಲಿಲ್ಲ. ಕೂದಲು ಬಿಚ್ಚಿಕೊಂಡು ಬಂದು ಅವನೆದುರು ಕೆಳಗೆ ಕೂತಳು. ನಿವಾರ್ದೊಗೆ ಹೆಣೆಯಲು ಗೊತ್ತಿದ್ದದ್ದು ಲಗಾಮು, ಚಾವಟಿ. ನಾಲ್ಕೆಳೆ ಮಾಡಿ, ಒಂದರ ಮೇಲೊಂದು ಬಿಗಿಯಾಗಿ ಎಳೆದು, ತುದಿಗೆ ದಾರ ಕಟ್ಟಿದ. ಅವಳು ಕನ್ನಡಿಯಲ್ಲಿ ಹೊರಳಿ ನೋಡಿಕೊಂಡು, ಇದರಲ್ಲಿ ಎತ್ತು ಹೊಡೆಯಬಹುದು ಎಂದಳು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಒಂದು ಸಲ, ಎರಡು ಸಲ. ಯಾವತ್ತೂ ಇಷ್ಟು ಹೊತ್ತು ನಿಲ್ಲದ ಬಸ್ಸು ನಿಂತೇ ಇತ್ತು. ಒಬ್ಬರು ಹತ್ತುವವರಿದ್ದಾರೆ, ಕಾದಿರು ಎಂದು ಕಿತೇರಿಯ ಡ್ರೈವರಿಗೆ ಮೊದಲೇ ಹೇಳಿಟ್ಟಿರಬೇಕು. ಜೊವೆಲೀನ ಎದ್ದಳು. ಪೆಟ್ಟಿಗೆಯ ಕಡೆ ನೋಡಲಿಲ್ಲ, ಅವನ ಕಡೆಯೂ ನೋಡಲಿಲ್ಲ, ಚಪ್ಪಲಿ ಮೆಟ್ಟಿ ಹೊರಟಳು. ಅವನು ಹೊಸ್ತಿಲಲ್ಲಿ ನಿಂತು ನೋಡಿದ. ಬಸ್ಸಿನ ಬಾಗಿಲಲ್ಲಿ ಅವಳು ಡ್ರೈವರನ ಜೊತೆ ಏನೋ ಮಾತಾಡುತ್ತಿದ್ದಳು, ಅವನು ತಲೆಯಾಡಿಸುತ್ತ ಬಸ್ಸಿನ ಮೇಲ್ಗಡೆ ಕೈ ತೋರಿಸುತ್ತಿದ್ದ, ಅವಳು ಬೇಡ ಬೇಡವೆಂದು ಎಡಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಯಾವುದರದೋ ಎತ್ತರ ತೋರಿಸುತ್ತಿದ್ದಳು. ಮುಗಿಯದ ಮಾತು. ಕೊನೆಗೆ ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತು. ಧೂಳು ತಗ್ಗಿತು. ಆಮೇಲೆ ಅವಳು ಕಂಡಳು, ಬೆನ್ನ ಮೇಲೆ ಚಾವಟಿಯ ಜಡೆ, ನಿಧಾನ ನಡೆದು ಬರುತ್ತಿದ್ದಳು.

“ಗುರುವಾರ ತರ್ತಾನಂತೆ,” ಎಂದಳು ಹೊಸ್ತಿಲಿಗೆ ಬಂದು.

“ಏನನ್ನ?”

“ನನ್ನ ಹೊಲಿಗೆ ಮಿಷನ್ನು. ತಂಗಿ ಮನೇಲಿ ಬಿಟ್ಟು ಬಂದಿದ್ದೆ. ಮೇಲೆ ಹಾಕ್ಕೊಂಡು ಬರ್ತೀನಿ ಅಂದ, ಬಿದ್ದುಹೋಗುತ್ತೆ, ಸೀಟಲ್ಲಿ ಕೂರಿಸ್ಕೊಂಡು ಬಾ ಅಂದೆ.” ಅವಳು ಹಜಾರದ ನಡುವೆ ನಿಂತು ಸುತ್ತ ನೋಡಿದಳು. “ಅದಕ್ಕೆ ಬೆಳಕು ಬೇಕು. ಎಲ್ಲಿಡೋಣ?”

ನಿವಾರ್ದೊ ಕಿಟಕಿಯ ಕೆಳಗಿನ ತೊಗಲಿನ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಕಡೆಗೆ ಸಾಗಿಸತೊಡಗಿದ.